ನಂದಿ ಇಳಿದಾಗ ಹೆಚ್ಚಾದ ಪೆಟ್ರೋಲು

ಜಕ್ಕೂರಿನ ನಮ್ಮ ಮನೆಯಿಂದ ನಂದಿಬೆಟ್ಟಕ್ಕೆ ಸುಮಾರು 45 ಕಿಲೋಮೀಟರ್. ದಸರಾ ರಜೆಯಲ್ಲಿ ಒಂದು ದಿನ, ಐದನೇ ತರಗತಿಯ ಮೊಮ್ಮಗನನ್ನು ಹಿಂದೆ ಕೂರಿಸಿಕೊಂಡು ಮಗನ ಮೋಟಾರ್ ಸೈಕಲ್ಲಿನಲ್ಲಿ ಹೊರಟೆ. ಹೊಸ ಕಾಲದ ಗಾಡಿ. ಇನ್ನೆಷ್ಟು ದೂರ ಓಡುತ್ತದೆ ಎಂಬುದನ್ನೂ ಅದರ ಮೀಟರೇ ಹೇಳುತ್ತದೆ. ಅಂದು 118 ಕಿ.ಮೀ. ಎಂದು ತೋರಿಸುತ್ತಿತ್ತು. ಹೋಗಿಬರಲು 90. ಇನ್ನೂ 28 ಮಿಗುತ್ತದೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

ಬಳ್ಳಾರಿ ರಸ್ತೆ ಹಿಡಿದು ಯಲಹಂಕ, ಚಿಕ್ಕಜಾಲ ದಾಟಿ, ಟಿಪ್ಪು ಹುಟ್ಟಿದ ದೇವನಹಳ್ಳಿಯ ಕೋಟೆಯನ್ನು ದೂರದಿಂದಲೇ ತೋರಿಸಿ ಮುಂದೆ ಹೋದೆವು. ನಂದಿಯ ತುದಿ ಸಮುದ್ರಮಟ್ಟದಿಂದ 1478 ಮೀಟರ್ ಎತ್ತರದಲ್ಲಿದೆ. ಬೆಂಗಳೂರು ಸುಮಾರು 920 ಮೀಟರ್. ತಿರುವುಗಳಲ್ಲಿ ಎರಡನೇ ಗೇರಿನಲ್ಲಿ ಗಾಡಿ ಏದುಸಿರು ಬಿಡುತ್ತಾ ಹತ್ತಿತು. ಮೇಲೆ ಹೋಗಿ ನಿಂತಾಗ ಮೀಟರಿನಲ್ಲಿ ಬರೀ 38!

"ತಾತ, ಮನೆಗೆ 45 ಕಿಲೋಮೀಟರ್ ಇದೆಯಲ್ಲಾ?" ಎಂದ ಹುಡುಗ.

"ಇಳಿಜಾರಿನಲ್ಲಿ ಪೆಟ್ರೋಲ್ ಬೇಕಾಗಲ್ಲ ಕಣೋ" ಎಂದು ಸಮಾಧಾನ ಮಾಡಿದೆ. ಟಿಪ್ಪು ಡ್ರಾಪ್ ನೋಡಿದೆವು, ಅಜ್ಜಿ ಕಟ್ಟಿಕೊಟ್ಟಿದ್ದ ಪುಳಿಯೋಗರೆ ತಿಂದೆವು, ಕೋತಿಗಳಿಗೆ ಹೆದರಿ ಬೇಗನೆ ಇಳಿದೆವು. ಬುಡಕ್ಕೆ ಬಂದಾಗ ಮೊಮ್ಮಗ ನನ್ನ ಹೆಗಲ ಮೇಲಿಂದ ಇಣುಕಿ ಕೂಗಿದ: "ತಾತ, 62 ಆಗಿದೆ! ಪೆಟ್ರೋಲ್ ಜಾಸ್ತಿ ಆಯ್ತು!"

ಬ್ಯಾಂಕಿನಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ಲೆಡ್ಜರ್ ಬರೆದವನು ನಾನು. ಹಣ ಕಟ್ಟದೆ ಖಾತೆಯಲ್ಲಿ ಬಾಕಿ ಏರಿದರೆ ಎಲ್ಲೋ ತಪ್ಪಿದೆ ಎಂದು ತಕ್ಷಣ ಹುಡುಕುತ್ತಿದ್ದೆ. ಅಂದು ಮಾತ್ರ ನಕ್ಕು ಸುಮ್ಮನಾದೆ. ದೇವನಹಳ್ಳಿಯ ಬಂಕ್ ಬಂದಾಗ ಹುಡುಗ "ಹಾಕಿಸೋಣವಾ ತಾತ?" ಎಂದ. ಮೀಟರ್ 34 ಎನ್ನುತ್ತಿತ್ತು, ಮನೆ ಇನ್ನು 22. "ಬೇಡ, ಸಾಕು" ಎಂದೆ.

ಚಿಕ್ಕಜಾಲ ದಾಟಿದ ಮೇಲೆ ವಾಹನಗಳ ಸಂದಣಿ. ನಿಲ್ಲು, ಹೊರಡು, ಮತ್ತೆ ನಿಲ್ಲು. ಅಂಕಿ ಸರಸರನೆ ಇಳಿಯಿತು. ಆಮೇಲೆ ಅಂಕಿಯೇ ಹೋಗಿ ಎರಡು ಅಡ್ಡಗೆರೆ ಬಂದವು. ಬಾಗಲೂರು ಕ್ರಾಸ್ ಹತ್ತಿರ ಸರ್ವಿಸ್ ರಸ್ತೆಯಲ್ಲಿ ಎರಡು ಸಲ ಮುಕ್ಕರಿಸಿ ಎಂಜಿನ್ ನಿಂತಿತು. ಕತ್ತಲಾಗುತ್ತಿತ್ತು. ನಾನು ಗಾಡಿ ತಳ್ಳುತ್ತಿದ್ದೆ, ಪಕ್ಕದಲ್ಲಿ ಹುಡುಗ, ಅವನ ಪಕ್ಕದಲ್ಲೇ ಟಿಪ್ಪರ್ ಲಾರಿಗಳು. ನನ್ನ ಎದೆ ಹೊಡೆದುಕೊಂಡದ್ದು ತಳ್ಳಿದ ಆಯಾಸಕ್ಕಲ್ಲ.

ಹೂವು ಮಾರುತ್ತಿದ್ದ ಹೆಂಗಸೊಬ್ಬರು "ಮಗೂನ ಈ ಕಡೆ ಬಿಡಿ ಸ್ವಾಮಿ" ಎಂದು ಅವನನ್ನು ಗಾಡಿಯ ಒಳಮಗ್ಗುಲಿಗೆ ಎಳೆದುಕೊಂಡು ನೀರು ಕೊಟ್ಟರು. ಆಗ ನೆನಪಾಯಿತು ಹಳೆಯ ಉಪಾಯ. ಗಾಡಿಯನ್ನು ಒಂದು ಪಕ್ಕಕ್ಕೆ ಚೆನ್ನಾಗಿ ವಾಲಿಸಿ ನೆಟ್ಟಗೆ ಮಾಡಿದೆ. ಮೋಟಾರ್ ಸೈಕಲ್ಲಿನ ಟ್ಯಾಂಕು ಕುದುರೆಯ ಜೀನಿನ ಹಾಗೆ ನಡುವಿನ ಕೊಳವೆಯ ಎರಡೂ ಪಕ್ಕಕ್ಕೆ ಇಳಿದಿರುತ್ತದೆ. ಕೊನೆಯಲ್ಲಿ ಒಂದು ಮಗ್ಗುಲಿನ ಪೆಟ್ರೋಲು ಅಲ್ಲೇ ಉಳಿದುಬಿಡುತ್ತದೆ. ವಾಲಿಸಿದರೆ ಈಚೆಗೆ ಬರುತ್ತದೆ. ಗಾಡಿ ಶುರುವಾಯಿತು. ಅರ್ಧ ಕಿಲೋಮೀಟರ್ ಓಡಿ ಮತ್ತೆ ನಿಂತಿತು. ಬಂಕ್ ಅಲ್ಲಿಂದ ಕಾಣುತ್ತಿತ್ತು, ಅಷ್ಟೇ ಪುಣ್ಯ.

ಹನ್ನೆರಡು ಲೀಟರ್ ಟ್ಯಾಂಕಿಗೆ 11.8 ಲೀಟರ್ ಹಿಡಿಯಿತು. ಮಗ ಪ್ರತಿ ಸಲ ಟ್ಯಾಂಕ್ ತುಂಬಿಸಿದಾಗ ಟ್ರಿಪ್ ಮೀಟರನ್ನು ಸೊನ್ನೆಗೆ ತರುವವನು. ಅದರಲ್ಲಿ 472 ಇತ್ತು. ಮೊಮ್ಮಗ ಬಂಕಿನ ರಸೀದಿಯ ಹಿಂದೆಯೇ ಭಾಗಾಕಾರ ಮಾಡಿದ: 472 ಭಾಗ 11.8. ಲೀಟರಿಗೆ ಸರಿಯಾಗಿ 40.

ಹಾಗಾದರೆ 62 ಎಲ್ಲಿಂದ ಬಂತು? ಟ್ಯಾಂಕಿನೊಳಗೆ ತೇಲುವ ಒಂದು ಬುರುಡೆ ಇರುತ್ತದೆ. ಅದು ಎಷ್ಟು ಮೇಲಿದೆ ಎಂಬುದರಿಂದ ಪೆಟ್ರೋಲು ಎಷ್ಟಿದೆ ಎಂದು ಗಾಡಿ ಅಂದಾಜು ಮಾಡುತ್ತದೆ. ಅದನ್ನು ಸ್ವಲ್ಪ ಹೊತ್ತಿನ ಹಿಂದಿನ ಮೈಲೇಜಿನಿಂದ ಗುಣಿಸುತ್ತದೆ. ಹತ್ತುವಾಗ ಮೈಲೇಜ್ ಕಡಿಮೆ, ಅದಕ್ಕೇ 38. ಇಳಿಯುವಾಗ ಗೇರಿನಲ್ಲೇ ಆಕ್ಸಿಲರೇಟರ್ ಬಿಟ್ಟರೆ ಈಗಿನ ಇಂಜೆಕ್ಷನ್ ಗಾಡಿಗಳಲ್ಲಿ ಎಂಜಿನ್ನಿಗೆ ಪೆಟ್ರೋಲು ಹೋಗುವುದು ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಮನೆಯವರೆಗೂ ಹೀಗೇ ಇಳಿಜಾರು ಎಂದು ನಂಬಿದ ಮೀಟರ್ 62 ಎಂದಿತು. ಮುಂದಿರುವ ರಸ್ತೆ ಅದಕ್ಕೇನು ಗೊತ್ತು? ಜೊತೆಗೆ ಗಾಡಿ ವಾಲಿದರೆ, ಪೆಟ್ರೋಲು ತುಳುಕಿದರೆ, ಬುರುಡೆಯ ಲೆಕ್ಕವೂ ಏರುಪೇರು.

ನನ್ನ ಹಳೆಯ ಯೆಜ್ಡಿ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾದದ್ದು. ಅದಕ್ಕೆ ಇಂಥ ಅಂದಾಜೇ ಗೊತ್ತಿರಲಿಲ್ಲ. ಗಾಡಿ ಮುಕ್ಕರಿಸಿದರೆ ಕಾಕನ್ನು ರಿಸರ್ವಿಗೆ ತಿರುಗಿಸುವುದು, ಮುಂದಿನ ಬಂಕಿನಲ್ಲಿ ನಿಲ್ಲುವುದು. ಈಗಿನ ಇಂಜೆಕ್ಷನ್ ಗಾಡಿಗಳಲ್ಲಿ ಆ ಕಾಕ್ ಇಲ್ಲ. ಮೇಲಾಗಿ ಟ್ಯಾಂಕಿನೊಳಗಿನ ಪಂಪನ್ನು ತಂಪಾಗಿಡುವುದೂ ಪೆಟ್ರೋಲೇ. ಪೂರ್ತಿ ಖಾಲಿ ಮಾಡಿದರೆ ಪಂಪಿಗೂ ಪೆಟ್ಟು.

ಮರುದಿನ ಬೆಳಿಗ್ಗೆ ವಾಕಿಂಗಿಗೆ ಹೋದಾಗ, ನಮ್ಮೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯ ಕಡೆಯಿಂದ ಪುಟ್ಟ ವಿಮಾನವೊಂದು ಮೇಲೆದ್ದಿತು. "ಅದರ ಮೀಟರೂ ಸುಳ್ಳು ಹೇಳುತ್ತಾ ತಾತ?" ಎಂದ. ಸಣ್ಣ ವಿಮಾನಗಳಲ್ಲಿ ಪೈಲಟ್‌ಗಳು ಮೀಟರ್ ಒಂದನ್ನೇ ನಂಬುವುದಿಲ್ಲ, ಹಾರುವ ಮೊದಲು ರೆಕ್ಕೆಯ ಮೇಲಿನ ಟ್ಯಾಂಕಿನ ಮುಚ್ಚಳ ತೆಗೆದು ಕಡ್ಡಿ ಇಳಿಸಿ ಅಳೆಯುತ್ತಾರೆ. ಊರು ತಲುಪಿದ ಮೇಲೂ ಅರ್ಧ ಗಂಟೆ ಹಾರುವಷ್ಟು ಮಿಗುವಂತೆ ಇಂಧನ ತುಂಬಿಸಿಕೊಳ್ಳುತ್ತಾರೆ ಎಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, "ಅವರು ಆಕಾಶದಲ್ಲಿ ತಳ್ಳೋಕಾಗಲ್ಲ ಅಲ್ವಾ" ಎಂದ.

ಈಗ ನಮ್ಮ ಮನೆಯಲ್ಲಿ ಒಂದು ನೋಟ್‌ಬುಕ್ ಇದೆ. ದಿನಾಂಕ, ಓಡಿದ ಕಿಲೋಮೀಟರ್, ತುಂಬಿಸಿದ ಲೀಟರ್, ಭಾಗಿಸಿದ ಉತ್ತರ. ಬರೆಯುವವನು ಮೊಮ್ಮಗ, ತಪ್ಪು ಹುಡುಕುವವನು ನಾನು. ಮಕ್ಕಳೇ, ನಿಮ್ಮ ಮನೆಯ ಗಾಡಿಗೂ ಒಂದು ಪುಟ ತೆರೆಯಿರಿ. ಎರಡು ಸಲ ಟ್ಯಾಂಕ್ ತುಂಬಿಸಿದರೆ ಮೊದಲ ಉತ್ತರ ಸಿಗುತ್ತದೆ.

ಮುಂದಿನ ರಜೆಗೆ ಘಾಟಿ ಸುಬ್ರಹ್ಮಣ್ಯಕ್ಕೆ ಹೋಗುವುದೆಂದು ತೀರ್ಮಾನವಾಗಿದೆ. ಬಂಕ್ ಕಂಡಾಗ "ಹಾಕಿಸೋಣ" ಎಂದು ಅವನು ಹೇಳಿದರೆ ತಾತ ಎದುರಾಡುವ ಹಾಗಿಲ್ಲ ಎಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆಸಿಕೊಂಡು ನನ್ನ ಸಹಿ ಹಾಕಿಸಿಕೊಂಡಿದ್ದಾನೆ.