ಮೊಮ್ಮಗನ ಬಂದೂಕು

ನನ್ನ ಹಳೆಯ ಶಿಷ್ಯರು ಈ ಶೀರ್ಷಿಕೆಯನ್ನು ಕಂಡು ಹುಬ್ಬೇರಿಸಿದರೆ ಅದು ಅವರ ತಪ್ಪಲ್ಲ. ದೀಪಾವಳಿಯ ಮರುದಿನ ತರಗತಿಗೆ ಕೇಪಿನ ಪಿಸ್ತೂಲು ತಂದವರಿಂದ ಅದನ್ನು ಕಸಿದುಕೊಂಡು, ಸಂಕ್ರಾಂತಿಯವರೆಗೂ ಮೇಜಿನ ಖಾನೆಯಲ್ಲಿ ಬೀಗ ಹಾಕಿ ಇಡುತ್ತಿದ್ದ ಮೇಷ್ಟರು ನಾನೇ. ಅಂಥವನು ಕಳೆದ ಬೇಸಿಗೆಯಲ್ಲಿ ಮೂರು ವಾರ ಆಟದ ಬಂದೂಕೊಂದಕ್ಕೆ ಎಣ್ಣೆ ತಿಕ್ಕುತ್ತ ಕುಳಿತಿದ್ದೆ.

ಮಗಳ ಸಂಸಾರ ಇರುವುದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ. ಅವಳ ಮಗನಿಗೆ ಈಗ ಇಪ್ಪತ್ತು ವರ್ಷ. ಓದಿನ ನಡುವೆ ಏರ್‌ಸಾಫ್ಟ್ ಎಂಬ ಆಟದ ಹುಚ್ಚು. ನಿಜವಾದ ಬಂದೂಕುಗಳ ಮೇಲೆ ಬಿಗಿಯಾದ ನಿರ್ಬಂಧವಿರುವ ಜಪಾನಿನಲ್ಲಿ 1970ರ ದಶಕದಲ್ಲಿ ಬೆಳೆದ ಆಟವಿದು. ನೋಡಲು ಅಸಲಿಯಂತೆಯೇ ಇರುವ ಬಂದೂಕಿನಿಂದ ಆರು ಮಿಲಿಮೀಟರಿನ ಪ್ಲಾಸ್ಟಿಕ್ ಗುಂಡುಗಳನ್ನು ಹಾರಿಸುತ್ತಾರೆ. ಪೆಟ್ಟು ಬಿದ್ದವನು ತಾನೇ ಕೈಯೆತ್ತಿ ಹೊರನಡೆಯಬೇಕು. ಮೇಷ್ಟರ ಕಣ್ಗಾವಲಿಲ್ಲದೆ ನಡೆಯುವ ಈ ಪ್ರಾಮಾಣಿಕತೆಯೊಂದು ಮಾತ್ರ ನನಗೆ ಹಿಡಿಸಿತು.

ಮೊಮ್ಮಗನ ತಂಡದವರಿಗೆ ಎರಡನೆಯ ಮಹಾಯುದ್ಧದ ಉಡುಪು, ಆಯುಧಗಳೇ ಬೇಕು. ಅವನು ಕೊಂಡದ್ದು ಲೀ-ಎನ್‌ಫೀಲ್ಡ್ ರೈಫಲಿನ ಪ್ರತಿಕೃತಿ. ಕೊಳ್ಳುವುದೂ ಸುಲಭವಲ್ಲ. ಅಸಲಿಯಂತೆ ಕಾಣುವ ನಕಲಿ ಬಂದೂಕಿನ ಮಾರಾಟವನ್ನು ಆ ದೇಶದ 2006ರ ಕಾಯಿದೆ ನಿಷೇಧಿಸಿದೆ. ನಾಟಕ, ಚಲನಚಿತ್ರ, ವಸ್ತುಸಂಗ್ರಹಾಲಯ, ನಿಯಮಬದ್ಧವಾಗಿ ನಡೆಯುವ ಇಂಥ ಆಟ ಮುಂತಾದವಕ್ಕೆ ಮಾತ್ರ ವಿನಾಯಿತಿ. ಗಾಢ ಬಣ್ಣದ ಆಟಿಕೆಯನ್ನು ತಂದು ವಿನಾಯಿತಿಯಿಲ್ಲದವನು ಕಪ್ಪು ಬಣ್ಣ ಬಳಿದು ಅಸಲಿಯಂತೆ ಮಾಡಿದರೂ ಅಪರಾಧವೇ. "ಹಾಗಾದರೆ ನೀನು ಮಾಡುತ್ತಿರುವುದೇನಪ್ಪ?" ಎಂದು ಕೇಳಿದೆ. ಅವನು ನಗುತ್ತ ತನ್ನ ಆಟಗಾರರ ನೋಂದಣಿ ಪತ್ರ ತೋರಿಸಿದ.

ಹೊಸ ಬಂದೂಕಿನ ಮರ ಮದುವೆಮನೆಯ ಕುರ್ಚಿಯಂತೆ ಮಿರಮಿರ ಮಿಂಚುತ್ತಿತ್ತು. ಅವನು ಬಂದೂಕನ್ನು ಬಿಚ್ಚಿ, ವಾರ್ನಿಶ್ಶನ್ನು ಕೆರೆದು, ಉಪ್ಪುಕಾಗದ ಹಾಕಿ ಉಜ್ಜಿ, ಅಗಸೆ ಎಣ್ಣೆಯನ್ನು ದಿನಕ್ಕೊಂದು ಪದರದಂತೆ ಹಚ್ಚತೊಡಗಿದ. ಉಕ್ಕಿನ ಭಾಗಗಳನ್ನು ರಾಸಾಯನಿಕದಿಂದ ಕಪ್ಪಾಗಿಸಿದ. ಸತುವಿನ ಮಿಶ್ರಲೋಹಕ್ಕೆ ಆ ಕಪ್ಪು ಹಿಡಿಯುವುದಿಲ್ಲವಂತೆ. ಅಲ್ಲಿ ಬಣ್ಣ ಬಳಿದು ಪೆನ್ಸಿಲಿನ ಸೀಸದ ಪುಡಿಯನ್ನು ತಿಕ್ಕಿದ. ಅಸಲಿ ರೈಫಲ್ ಸುಮಾರು ನಾಲ್ಕು ಕಿಲೋ ತೂಗುತ್ತದೆ. ಇದು ಹಗುರವೆಂದು ಮರದೊಳಗೆ ಸೀಸದ ತುಂಡುಗಳನ್ನೂ ಕೂರಿಸಿದ. ಇಷ್ಟು ಶ್ರದ್ಧೆಯನ್ನು ಪಾಠದಲ್ಲಿ ತೋರಿಸಿದ್ದರೆ ಎಂದು ಅವನ ತಾಯಿ ಅಡುಗೆಮನೆಯಿಂದಲೇ ಗೊಣಗಿದಳು.

ಒಂದು ಬೆಳಿಗ್ಗೆ ಅವನು ಆ ಮರದ ಮೇಲೆ ಬೀಗದ ಕೈಗೊಂಚಲಿನಿಂದ ದಡದಡನೆ ಬಡಿಯುತ್ತಿದ್ದ. ಯುದ್ಧ ಕಂಡ ಬಂದೂಕಿನಂತೆ ಕಾಣಬೇಕಂತೆ! ನನಗೆ ಏಕೋ ತಡೆಯಲಾರದಷ್ಟು ಸಿಟ್ಟು ಬಂತು. "ಯಾರೋ ಪಟ್ಟ ಪಾಡನ್ನು ನೀನು ಬೀಗದ ಕೈಯಿಂದ ಕೆತ್ತುತ್ತೀಯಾ?" ಎಂದು ತರಗತಿಯ ದನಿಯಲ್ಲಿಯೇ ಗದರಿದೆ. ಅವನು ಪೆಚ್ಚಾಗಿ, "ಹಾಗಾದರೆ ಅದು ಎಲ್ಲೆಲ್ಲಿ ಸವೆಯುತ್ತದೆ, ಅಜ್ಜ?" ಎಂದ.

ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿತ್ತು. ಚೀನಾ ಯುದ್ಧದ ಬಳಿಕ, 1963ರಲ್ಲಿ, ಕಾಲೇಜು ವಿದ್ಯಾರ್ಥಿಗಳಿಗೆ ಎನ್‌ಸಿಸಿ ಕಡ್ಡಾಯವಾಯಿತು. ನಮ್ಮ ಕೈಗೆ ಬಂದದ್ದು ಇದೇ ಜಾತಿಯ ತ್ರೀ-ನಾಟ್-ತ್ರೀ. ಬಂದೂಕನ್ನು ಕೈಗೆ ಕೊಟ್ಟೊಡನೆ ಬೆರಳುಗಳು ತಾವಾಗಿ ಜಾಗ ಹುಡುಕಿಕೊಂಡವು. ಮುಷ್ಟಿ ಹಿಡಿಯುವ ಕಿರಿದಾದ ಭಾಗ, ಎತ್ತಿ ಒಯ್ಯುವಾಗ ತೂಕ ಸಮವಾಗುವ ನಡುಭಾಗ, ನೆಲಕ್ಕೆ ಊರುವ ಹಿಂಬದಿ, ಕೆನ್ನೆ ತಾಗುವ ಅಂಚು. ಅಂಗೈಯ ಬೆವರಿನಿಂದ ಮರ ಕಪ್ಪಾಗುತ್ತದೆಯೇ ಹೊರತು ತರಚುವುದಿಲ್ಲ ಎಂದೆ. ಅಂದಿನಿಂದ ಅವನು ಬಡಿಯುವುದನ್ನು ಬಿಟ್ಟ. ಇಬ್ಬರೂ ಸರದಿಯಂತೆ ಬರಿಗೈಯಲ್ಲಿ ಎಣ್ಣೆ ತಿಕ್ಕತೊಡಗಿದೆವು.

ಹಾಗೆ ತಿಕ್ಕುತ್ತಿರುವಾಗಲೇ ಚಿಕ್ಕಪ್ಪನ ಮಾತು ಬಂತು. ಅವರು ಮದರಾಸ್ ಸ್ಯಾಪರ್ಸ್ ದಳದಲ್ಲಿದ್ದು ಬರ್ಮಾ ಯುದ್ಧರಂಗ ಕಂಡು, 1946ರಲ್ಲಿ ಊರಿಗೆ ಮರಳಿದವರು. ಮೊಮ್ಮಗನಿಗೆ ಇದು ಹೊಸ ಸುದ್ದಿ. ಕಣ್ಣರಳಿಸಿ, "ಹಾಗಾದರೆ ಇದು ಅವರ ಬಂದೂಕೇ ಆಗಲಿ" ಎಂದು, ಕಾರ್ಖಾನೆಯ ಮುದ್ರೆಯನ್ನು ಉಜ್ಜಿ ಅಳಿಸಿದ. ಈ ರೈಫಲುಗಳು ಬರ್ಮಿಂಗ್‌ಹ್ಯಾಮಿನ ಸ್ಮಾಲ್ ಹೀತ್ ಬಡಾವಣೆಯಲ್ಲಿಯೂ ತಯಾರಾಗುತ್ತಿದ್ದವು. ಆ ಬಿ.ಎಸ್.ಎ. ಕಾರ್ಖಾನೆಯ ಮೇಲೆ 1940ರ ನವೆಂಬರ್ 19ರ ರಾತ್ರಿ ಬಾಂಬು ಬಿದ್ದು 53 ಮಂದಿ ಕೆಲಸಗಾರರು ಸತ್ತರು. ಆದರೆ ಭಾರತೀಯ ಸೈನಿಕನ ಕೈಗೆ ಕೋಲ್ಕತ್ತಾ ಬಳಿಯ ಇಷಾಪುರದ್ದೇ ಹೊಂದುತ್ತದೆಂದು ಅವನ ತೀರ್ಮಾನ. ಕಿರೀಟ, ಅದರಡಿ ಜಿ.ಆರ್.ಐ., ಇಷಾಪುರ, 1942 ಎಂದು ಕೂದಲೆಳೆಯಷ್ಟು ಅಳತೆಯಲ್ಲಿ ಕೊರೆದ. ಬಳಿಕ ತಲೆಯೆತ್ತಿ ಕೇಳಿದ: "ಅಜ್ಜ, ಅವರ ಬಂದೂಕಿನ ನಂಬರು ಏನಿತ್ತು?"

ಚಿಕ್ಕಪ್ಪ ಕೊನೆಗಾಲದಲ್ಲಿ ಪಾರ್ಶ್ವವಾಯು ಬಡಿದು ಹೆಂಡತಿ ಮಕ್ಕಳ ಹೆಸರನ್ನೂ ಮರೆತಿದ್ದರು. ಆದರೆ ಸಂಜೆಯಾದೊಡನೆ ಇಂಗ್ಲಿಷಿನ ಒಂದು ಅಕ್ಷರ, ಅದರ ಹಿಂದೆ ಒಂದಿಷ್ಟು ಅಂಕಿಗಳನ್ನು ತಪ್ಪದೆ ಒಪ್ಪಿಸುತ್ತಿದ್ದರು. ಲಾಟರಿ ಟಿಕೆಟ್ಟಿನದಿರಬೇಕೆಂದು ನಾವೆಲ್ಲ ನಗುತ್ತಿದ್ದೆವು. ನಾನೂ ನಕ್ಕಿದ್ದೇನೆ. ಅದು ಅವರ ಬಂದೂಕಿನ ನಂಬರೆಂದು ಚಿಕ್ಕಮ್ಮ ಹೇಳಿದ್ದು ಅವರ ತಿಥಿಯೆಲ್ಲ ಮುಗಿದ ಮೇಲೆ. ಎನ್‌ಸಿಸಿಯಲ್ಲಿ ನಂಬರು ಮರೆತವನನ್ನು ಹವಾಲ್ದಾರರು ಬಂದೂಕು ತಲೆಯ ಮೇಲೆತ್ತಿಸಿ ಮೈದಾನ ಸುತ್ತಿಸುತ್ತಿದ್ದರು. ಹಾಗೆ ಓಡಿದ್ದ ನನಗಾದರೂ ಅದು ಹೊಳೆಯಬೇಕಿತ್ತು. ನನ್ನ ಬಂದೂಕಿನ ಕೊನೆಯ ಮೂರು ಅಂಕಿಗಳು ಇಂದಿಗೂ ನಾಲಿಗೆಯ ಮೇಲಿವೆ. ಅವರದು ಮೊದಲ ಅಕ್ಷರವೂ ನೆನಪಾಗಲಿಲ್ಲ.

"ಯಾವುದಾದರೊಂದು ಹಾಕಲೇ? ಯಾರಿಗೆ ಗೊತ್ತಾಗುತ್ತದೆ?" ಎಂದ ಮೊಮ್ಮಗ, ಮೆತ್ತಗೆ. ಬೇಡವೆಂದೆ. ಅವನು ಮತ್ತೆ ಕೇಳಲಿಲ್ಲ.

ಹೋದ ವಾರ ಆಟದ ಕಾಡಿನಿಂದ ಒಂದು ಚಿತ್ರ ಕಳಿಸಿದ್ದಾನೆ. ಮರ ಚೆನ್ನಾಗಿ ಕಪ್ಪೇರಿದೆ. ನಂಬರಿನ ಜಾಗ ಹಾಗೆಯೇ ಖಾಲಿಯಿದೆ. ಗೆಳೆಯರು ಏಕೆಂದು ಕೇಳುತ್ತಾರಂತೆ.