ಮನದ ಬೇನೆಗೆ ಊರಲ್ಲೇ ವೈದ್ಯರು

ಹನ್ನೆರಡನೆಯ ಶತಮಾನದ ವೈದ್ಯ ಸಂಗಣ್ಣನವರಿಗೆ ಚಿಕಿತ್ಸೆಯೇ ಕಾಯಕ. ತನುವಿನ ಬೇನೆ ಕಣ್ಣಿಗೆ ಕಾಣುತ್ತದೆ. ಮನದ ಬೇನೆಯನ್ನು ಮನೆಯವರೇ ನಾಚಿ ಮುಚ್ಚಿಡುತ್ತಾರೆ. ಮಗನ ನಿದ್ದೆ, ಮಾತು ಕೆಟ್ಟಾಗ ಗೋಗಿಯ ತಾಯಿ ಚಂದಾ ಹುಸೇನಿ ದರ್ಗಾದಲ್ಲಿ ಹರಕೆ ಹೊರುವಳು. ಹರಕೆ ತಪ್ಪಲ್ಲ; ಆದರೆ ಔಷಧವೂ ಬೇಕು. ಮನೋವೈದ್ಯರು ಎಲ್ಲಿ?

1985ರಲ್ಲಿ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿಯಿತ್ತು, ಹಳ್ಳಿಯಲ್ಲೇ ಈ ಚಿಕಿತ್ಸೆ ಸಾಧ್ಯವೆಂದು ತೋರಿಸಿತು. 1996ರಲ್ಲಿ ಅದೇ ಮಾದರಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು.

ಇಂದು ಯಾದಗಿರಿಯಲ್ಲಿಯೇ ವೈದ್ಯಕೀಯ ಕಾಲೇಜಿದೆ. ಅಲ್ಲಿ ಕಲಿಯುವ ಪ್ರತಿಯೊಬ್ಬರೂ, ಊರ ಆಶಾ ಕಾರ್ಯಕರ್ತೆಯೂ ಮನದ ಬೇನೆಯನ್ನು ಗುರುತಿಸಲು ಕಲಿಯಬೇಕು. ಬೆಂಗಳೂರಿನ ವಿದ್ಯೆ ಗೋಗಿಯ ಆ ತಾಯಿಯ ಬಾಗಿಲಿಗೆ ಬಂದಾಗಲೇ ಅದು ದಾಸೋಹ.