ಅಂಗಳಕ್ಕೆ ಯಾವ ಹಾಸು?

ಪುತ್ತೂರಿನಿಂದ ಸುಳ್ಯದ ಕಡೆಗೆ ಹೊರಟ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರಿಗೆ ಮೊದಲು ಕಾಣುವುದು ಅಡಿಕೆ ತೋಟ, ಆಮೇಲೆ ಗೇಟು, ಗೇಟಿನಿಂದ ಮನೆಯವರೆಗೆ ಹಾಸಿದ ದಾರಿ. ಹಲವು ಮನೆಗಳಲ್ಲಿ ಅದೀಗ ಬಣ್ಣದ ಇಂಟರ್‌ಲಾಕ್ ಕಲ್ಲಿನದು. ಹಿಂದೆ ಅಲ್ಲಿದ್ದದ್ದು ಮಣ್ಣಿನ ಅಂಗಳ. ಮಳೆಗಾಲ ಮುಗಿದ ಮೇಲೆ ಕೆತ್ತಿ, ಬಡಿದು ಗಟ್ಟಿ ಮಾಡಿ, ಸಗಣಿ ಸಾರಿಸಿದರೆ ಅಡಿಕೆ ಒಣಗಿಸಲು ಸಿದ್ಧ. ಆಟಿ ತಿಂಗಳ ಮಳೆಗೆ ಅದೇ ಅಂಗಳ ಕೆಸರು. ದಾಟಲು ಅಡಿಕೆ ದಬ್ಬೆ ಹಾಸಬೇಕಿತ್ತು. ಮನೆಗೆ ಕಾರು ಬಂದ ಮೇಲೆ ದಬ್ಬೆ ಸಾಲದಾಯಿತು.

ಹತ್ತಿರದಲ್ಲೇ ಸಿಗುವ ಹಾಸು ಮುರಕಲ್ಲು, ಉತ್ತರ ಕನ್ನಡದವರ ಚಿರೇಕಲ್ಲು. ನೆಲದೊಳಗೆ ಮೆತ್ತಗಿದ್ದು ಗಾಳಿ ತಾಗಿದಂತೆ ಗಟ್ಟಿಯಾಗುವ ಈ ಕಲ್ಲನ್ನು, 1800–01ರಲ್ಲಿ ಮೈಸೂರು, ಕೆನರಾ, ಮಲಬಾರು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರಂನಲ್ಲಿ ಕಂಡು, 1807ರ ತನ್ನ ಪುಸ್ತಕದಲ್ಲಿ ‘ಲ್ಯಾಟರೈಟ್’ ಎಂದು ಕರೆದ. ಲ್ಯಾಟಿನ್ನಿನಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ಗೋಡೆಗೆ ಇದಕ್ಕೆ ಸಾಟಿಯಿಲ್ಲ. ಅಂಗಳದಲ್ಲಿ ಮಾತ್ರ ಗೊಬ್ಬರದ ಲಾರಿಯ ಗಾಲಿಗೆ ಅಂಚು ಒಡೆಯುತ್ತದೆ, ಮಳೆಗೆ ಪಾಚಿ ಹಿಡಿಯುತ್ತದೆ. ಕಲಬುರಗಿ ಕಡೆಯಿಂದ ಬರುವ ಶಹಾಬಾದ್ ಕಲ್ಲು ನೋಡಲು ಚೆಂದ, ಪಾಚಿ ಕಟ್ಟಿದರೆ ಅಜ್ಜಿಯಂದಿರ ಸೊಂಟಕ್ಕೆ ಅಪಾಯ.

ಎಲ್ಲರೂ ಕೇಳುವುದು ಚದರ ಅಡಿಗೆ ಎಷ್ಟು ಎಂದು. ನೀರಿನ ಲೆಕ್ಕ ಕೇಳುವವರು ಕಡಿಮೆ. ಶಾಲೆಯ ಮಕ್ಕಳೇ ಮಾಡಬಹುದಾದ ಲೆಕ್ಕವಿದು. ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 4,000 ಮಿಲಿಮೀಟರು, ಅಂದರೆ 4 ಮೀಟರು. ಅಂಗಳ 100 ಚದರ ಮೀಟರಾದರೆ ಅದರ ಮೇಲೆ ಸುರಿಯುವುದು 400 ಘನ ಮೀಟರು, 4 ಲಕ್ಷ ಲೀಟರು! ಸಗಣಿ ಸಾರಿಸಿದ ಅಂಗಳವೂ ಇದನ್ನೆಲ್ಲ ಕುಡಿಯುತ್ತಿರಲಿಲ್ಲ, ನಿಜ. ಹರಿದದ್ದು ತೋಟಕ್ಕೆ ಇಳಿಯುತ್ತಿತ್ತು, ಅಷ್ಟೆ. ಕಾಂಕ್ರೀಟು ಸುರಿದು ರಸ್ತೆಯ ಕಡೆಗೆ ಇಳಿಜಾರು ಕೊಟ್ಟರೆ ಆ ನೀರು ಚರಂಡಿಯ ಪಾಲು. ಏಪ್ರಿಲಿನಲ್ಲಿ ಬಾವಿಯ ಹಗ್ಗ ಉದ್ದ ಮಾಡುವ ಮನೆಗೆ ಇದು ಸಣ್ಣ ನಷ್ಟವಲ್ಲ.

ಇಂಟರ್‌ಲಾಕಿನ ಗುಣ ಇರುವುದು ಅದರ ಸಂದಿಯಲ್ಲಿ. ಅಡಿಗೆ ಜಲ್ಲಿ, ಮೇಲೆ ಮರಳು ಹಾಸಿ ಕಲ್ಲು ಕೂರಿಸಿದರೆ ಸಂದಿಯಲ್ಲಿ ಒಂದಷ್ಟು ನೀರು ಇಂಗುತ್ತದೆ. ಗಟ್ಟಿಯಾಗಲೆಂದು ಅಡಿಗೆ ಕಾಂಕ್ರೀಟು ಹಾಕಿಸಿದರೆ ಆ ಗುಣವೂ ಹೋಯಿತು. ಇದಕ್ಕಿಂತ ಸರಳ ಉಪಾಯವೊಂದಿದೆ: ಕಾರಿನ ಗಾಲಿ ಹೋಗುವಲ್ಲಿ ಮಾತ್ರ ಕಾಂಕ್ರೀಟಿನ ಎರಡು ಪಟ್ಟಿ, ನಡುವೆ ಹುಲ್ಲು. ಏರು ದಾರಿಯಾದರೆ ಪಟ್ಟಿಯ ಮೇಲೆ ಅಡ್ಡಗೀರು ಎಳೆಸಬೇಕು, ಇಲ್ಲದಿದ್ದರೆ ಜುಲೈ ತಿಂಗಳಲ್ಲಿ ಗಾಲಿ ಜಾರುತ್ತದೆ. ಅಡಿಕೆ ಒಣಗಿಸಲು ಸಿಮೆಂಟು ಅಂಗಳವೇ ಬೇಕೆನ್ನುವವರು ಅಷ್ಟು ಜಾಗಕ್ಕೆ ಹಾಕಿಸಲಿ, ಇಳಿಜಾರು ಮಾತ್ರ ತೋಟದ ಕಡೆಗೇ ಇರಲಿ. ಈ ಮಾತನ್ನು ಮೇಸ್ತ್ರಿಗೆ ಕೆಲಸ ಹಿಡಿಯುವ ಮೊದಲೇ ಹೇಳಬೇಕು.